ಮೂರನೇ ಸಲ ನಿಂತಾಗ

ಮೂರನೇ ಸಲ ನಿಂತಿತು.
ತಿರುಗುತ್ತ ತಿರುಗುತ್ತ, ಒಂದು ನಿಟ್ಟುಸಿರೂ ಇಲ್ಲದೆ.
ಗಾಜಿನ ಬಾಗಿಲ ಹಿಂದೆ ಬೂದುಬಣ್ಣದ ನೀರು,
ಅದರೊಳಗೆ ನನ್ನ ನರ್ಸ್ ಅಂಗಿಯ ನೀಲಿ ತೋಳು
ಏನೋ ಕೇಳಲಿಕ್ಕೆ ಕೈಯೆತ್ತಿದ ಹಾಗೆ.
ಮೇಲೆ ಕೆಂಪಗೆ ಮಿನುಗುವ ಅಕ್ಷರ: ಇ ಹದಿನೆಂಟು.

ಮೊದಲ ಸಲ ಇಂಚರಳ ಹೇರ್‌ಪಿನ್ನು. ಎರಡನೇ ಸಲ ಸುಣ್ಣ.
ಗ್ಯಾರೆತ್ ಬಂದ, ಮೊಣಕಾಲೂರಿದ,
ಇಲ್ಲಿ ಎಲ್ಲರನ್ನೂ ಕರೆಯುವಂತೆ ಡಾರ್ಲಿಂಗ್ ಎಂದು ಕರೆದು,
ಇಪ್ಸ್‌ವಿಚ್ಚಿನ ನೀರು ಬಲು ಗಡಸು ಎಂದು
ಕಲ್ಲುಗಟ್ಟಿದ ಹೀಟರು ಬಿಚ್ಚಿ ತೋರಿಸಿದ.
ಒಂದು ಗೋಡೆಗೆ ಬಳಿಯಬಹುದಿತ್ತು.
ತೊಂಬತ್ತು ಪೌಂಡು. ಚಹಾ ಕುಡಿದು ಹೋದ.

ಈ ಸಲ ಅವನಿಗೆ ಶುಕ್ರವಾರದವರೆಗೆ ಪುರುಸೊತ್ತಿಲ್ಲ.
ನನಗೆ ನಾಳೆ ಬೆಳಗಿನ ಪಾಳಿ.

ಸ್ನಾನದ ತೊಟ್ಟಿಯಲ್ಲಿ ನೀರು ಬಿಟ್ಟೆ, ಸೆರಗಿಲ್ಲದ ಸೊಂಟ ಕಟ್ಟಿದೆ.
ಕತ್ತೆ ಮಾರಿದ ದಿನ ಅಪ್ಪ ಹೇಳಿದ್ದನಂತೆ,
"ನನ್ನ ಮಕ್ಕಳು ಇನ್ನ ಮಂದಿ ಅರಿವಿ ಮುಟ್ಟೂದಿಲ್ಲ."
ಇದು ನನ್ನದೇ ಅಂಗಿ ಅಪ್ಪ, ಕಲೆ ಮಾತ್ರ ಮಂದಿಯದು.
ಕಲಿಸದಿದ್ದರೂ ಕೈಗೆ ಗೊತ್ತಿತ್ತು:
ಹಿಂಡಿ, ಸುತ್ತಿ, ಎತ್ತಿ, ತೊಟ್ಟಿಯಂಚಿಗೆ
ಧಪ್. ಧಪ್.
"ಅಮ್ಮಾ, ಅದು ಏನು ಮಾಡಿತು ಅಂತ ಹೊಡೀತೀ?" ಇಂಚರ ಬಾಗಿಲಲ್ಲಿ.

ಹುಲಿಗೆಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ.
ಉಬ್ಬೆಹಂಡೆಯ ಹಬೆಯಲ್ಲಿ ಕಣ್ಣು ಕಿರಿದು ಮಾಡಿ
ಗೇರೆಣ್ಣೆಯ ಚುಕ್ಕೆ ನೋಡಿಯೇ ಹೇಳುತ್ತಿದ್ದಳು:
ಎರಡು ಚುಕ್ಕೆ ಗೌಡರದು, ಒಂದು ಗೆರೆ ಮಾಸ್ತರದು,
ಚುಕ್ಕೆಯ ಕೆಳಗೆ ಚುಕ್ಕೆ ಸೂಲಗಿತ್ತಿ ಫಕೀರವ್ವನದು.
ಯಾರ ಮನೆಯಲ್ಲಿ ಬಸಿರು, ಯಾರಲ್ಲಿ ಕೆಮ್ಮು,
ಯಾರು ಹೊರಗೆ ಮಲಗತೊಡಗಿದ್ದಾರೆ,
ಊರನ್ನೆಲ್ಲ ಬಟ್ಟೆಯಂಚಿನಲ್ಲಿ ಓದಿ
ಬಾಯಿ ಮುಚ್ಚಿಕೊಂಡಿರುತ್ತಿದ್ದಳು.
ಬದಲಿಗೆ ಹಿತ್ತಲ ಬಾಗಿಲಲ್ಲಿ ರೊಟ್ಟಿ.
ಕೈಗೆ ಕೈ ತಾಗದಷ್ಟು ಎತ್ತರದಿಂದ.

ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಬ್ರೆಂಡಾ,
ರಾತ್ರಿಯ ಗೌನಿನಲ್ಲಿ, ಕೈಯಲ್ಲಿ ಫೋನು.
"ಎಲ್ಲ ಸರಿಯಿದೆಯಾ? ಹೊಡೆಯುವ ಸದ್ದು ಕೇಳಿತು."
ಅವರ ಕಣ್ಣು ನನ್ನ ಭುಜದಾಚೆ
ಸೋಫಾದಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ನನ್ನ ಗಂಡನ ಮೇಲೆ.
ಪಾಪ, ಅವನು ಹಣ್ಣು ಬಚ್ಚಿಟ್ಟುಕೊಂಡ.
ನಾನು ನಗುತ್ತ ತೊಟ್ಟಿ ತೋರಿಸಿದೆ.
ಅವರು ನಗಲಿಲ್ಲ. "ಕೊಡು ಇತ್ತ," ಎಂದರು.

ಬೇಡ ಬೇಡವೆಂದರೂ ಬಿಡಲಿಲ್ಲ. ಒಳಬಟ್ಟೆ ಆರಿಸಿಡಲೂ ಬಿಡದೆ
ಎಲ್ಲವನ್ನೂ ದೊಡ್ಡ ನೀಲಿ ಚೀಲಕ್ಕೆ ತುರುಕಿ ಹೊತ್ತು ಹೋದರು.
ಆ ರಾತ್ರಿ ನಾನು ಮಲಗಲಿಲ್ಲ.
ಬೆಳಗ್ಗೆ ಐದಕ್ಕೆ ಹೊಸ್ತಿಲ ಮೇಲೆ
ಅಂಗಿ ಒಣಗಿ, ಮಡಿಕೆಯಾಗಿ, ಇಸ್ತ್ರಿಯ ಬಿಸಿ ಇನ್ನೂ ಆರದೆ.
ನಮ್ಮ ವಂಶದಲ್ಲಿ
ಬೇರೆಯವರ ಕೈಯಲ್ಲಿ ಬಟ್ಟೆ ಒಗೆಸಿಕೊಂಡವಳು ನಾನೇ ಮೊದಲು.
ಏನು ಕೊಡಬೇಕು? ಯಾವ ಬಾಗಿಲಲ್ಲಿ? ಎಷ್ಟು ಎತ್ತರದಿಂದ?
ಗೊತ್ತಾಗದೆ ಅಂಗಿ ತೊಟ್ಟು ಬಸ್ಸು ಹಿಡಿದೆ.

ಶುಕ್ರವಾರ ಗ್ಯಾರೆತ್ ಪಂಪಿನ ಗಂಟಲಿಂದ
ಐದು ರೂಪಾಯಿಯ ನಾಣ್ಯ ಹೊರತೆಗೆದ.
"ಬೆಲೆಬಾಳುವಂಥದ್ದಾ?"
"ನಾಲ್ಕೈದು ಪೆನ್ನಿ" ಎಂದೆ.
ನಾಣ್ಯವನ್ನು ತೊಂಬತ್ತು ಪೌಂಡಿನ ರಸೀದಿಯ ಮೇಲಿಟ್ಟು ಹೋದ.
ನಾಲ್ಕನೇ ಸಲ ನಿಲ್ಲುತ್ತದೆ, ನನಗೆ ಗೊತ್ತು.
ಈಗಲೇ ಹಿಂಡುವಾಗ ಕೀರಲುತ್ತಿದೆ.

ನೀಲಿ ಚೀಲ ಮರಳಿಸಲು ಕೊಡವಿದಾಗ ಬಿತ್ತು
ಒಂದು ಕಂದು ಕಾಲುಚೀಲ. ನಮ್ಮದಲ್ಲ.
ಅಂಚಿಗೆ ಹೊಲಿದ ಬಿಳಿ ಪಟ್ಟಿ, ಒಗೆದು ಒಗೆದು ಮಾಸಿದ ಅಕ್ಷರ:
ಆರ್. ಪೆಟಿಟ್, ಕೋಣೆ ಒಂಬತ್ತು.
ಮರೆತವರ ಮನೆಗಳಲ್ಲಿ ಬಟ್ಟೆಗೆ ಹೀಗೆ ಹೆಸರು ಹೊಲಿಯುತ್ತಾರೆ.
ಎಷ್ಟು ಸಲ ನಾನೇ ಅಂಥ ಅಂಗಿಗಳ ಗುಂಡಿ ಹಾಕಿದ್ದೇನೆ.
ಮೂರು ವರ್ಷ ಒಂದೇ ಗೋಡೆ ಹಂಚಿಕೊಂಡಿದ್ದೇವೆ.
ಗುರುವಾರ ಗುರುವಾರ ಅವರು ಹೊತ್ತೊಯ್ಯುವ ಚೀಲವನ್ನು
ಸಂತೆಯದೆಂದುಕೊಂಡಿದ್ದೆ.

ಕಾಲುಚೀಲ ಹಿಡಿದು ಅವರ ಬಾಗಿಲಲ್ಲಿ ನಿಂತೆ.
ಬಡಿಯಬೇಕು.
ಒಳಗೆ ಅವರ ಮಷೀನು ತಿರುಗುತ್ತಿತ್ತು.