ಸಿಂಬಿ

ಮೇ ತಿಂಗಳು. ಮುಂಜಾನೆ ಎಂಟಕ್ಕ ಗೋಡಿ ಕಾದಿರತಾವ
ನಮ್ಮ ಬ್ರಹ್ಮಪುರದಾಗ.
ಫ್ರಿಜ್ಜಿನಿಂದ ತಗದ ನೀರಿನ ಗ್ಲಾಸು
ನಮಗಿಂತ ಮೊದಲು ಬೆವರತದ,
ಏಳುವಾಗ ಟೀಪಾಯಿ ಮ್ಯಾಲ ಒಂದು ಬಿಳಿ ಬಳಿ ಬಿಟ್ಟು ಏಳತದ.

ಸಾಗವಾನಿ ಟೀಪಾಯಿ. ಜಗದೇವಿ ಅಕ್ಕನ ಮದುವಿಗಂತ
ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿಯಿಂದ
ಅಪ್ಪ ಕಂತಿನ ಮ್ಯಾಲ ತಂದದ್ದು.
ಮದುವಿ ಆಗಲಿಲ್ಲ. ಕಂತು ಮುಗೀತು.
ಟೀಪಾಯಿ ಉಳೀತು, ಮತ್ತ ಅಲಮಾರಿ ಮ್ಯಾಲ
ಇನ್ನೂರಾ ಎಂಬತ್ತು ಲಗ್ನಪತ್ರ.
ಕಟ್ಟಿದ ರಬ್ಬರ್ ಬ್ಯಾಂಡು ಸೆಕೀಗಿ ಕರಗಿ
ಲಕೋಟಿಗೇ ಅಂಟಿಕೊಂಡಿತ್ತು.
ಧೂಳ ಒರಸುವಾಗ ಅವ್ವನ ಕೈ
ಅಲ್ಲೀತನಕ ಬಂದು ತಿರುಗಿ ಹೋಗತಿತ್ತು.

ನಾ ಕೂಲರ್ ರಿಪೇರಿ ಮಾಡಾಂವ.
ಯುಗಾದಿಯಿಂದ ಮಿರಗದ ತನಕ ಊರ ಮಾಳಿಗಿ ಎಲ್ಲಾ ನಂದೇ.
ಚೀಲದಾಗ ಇಕ್ಕಳ, ಪಂಪು, ಹುಲ್ಲಿನ ಪ್ಯಾಡು,
ಬೆಳ್ಳಿ ಬಣ್ಣದ ಡಕ್ಟ್ ಟೇಪು.
ಒಂದು ಐತವಾರ, ಕರೆಂಟು ಹೋದ ಮಧ್ಯಾಹ್ನ,
ಅಕ್ಕ ಆ ಚೀಲಕ್ಕ ಕೈ ಹಾಕಿದ್ಲು.
"ಇದು ನೀರಿಗಿ ತಡೀತದೇನೋ?"
"ಮೂರು ಸೀಜನ್ ತಡೀತದ" ಅಂದೆ.
ಗಿರಾಕಿಗಿ ಹೇಳೂ ಸುಳ್ಳೇ ಆಕಿಗೂ ಹೇಳಿದೆ.

ಕುರ್ಚಿ ಎಳದ್ಲು. ಹತ್ತಿದ್ಲು. ಕಟ್ಟು ಇಳಿಸಿದ್ಲು.
ಅವ್ವ ಅಡಗಿಮನಿ ಬಾಗಿಲದಾಗ,
ಕೈಯಾಗಿನ ಸೌಟು ಕೈಯಾಗೇ.

ದಪ್ಪ ಕಾಗದ, ಖರೆ. ಆಗ ಒಂದಕ್ಕ ಹದಿನೆಂಟು ರೂಪಾಯಿ.
ಸ್ಟೀಲಿನ ವಾಟಿ ಬೋರಲು ಹಾಕಿ
ಸುತ್ತ ಪೆನ್ಸಿಲ್ ಆಡಿಸಿ ಗೋಲ ಬರದ್ಲು.
ಅರಿವಿ ಕತ್ತರಿಸೂ ಕತ್ತರಿ, ಕಾಗದಕ್ಕ ಮುನಿಸಿಕೊಂಡು ಕಿರ್ರಂತು.
"ಗಣಪತೀನ್ನ ಬಿಡು" ಅಂದ್ಲು ಅವ್ವ, ಅಷ್ಟೇ.
ಗಣಪತಿ ಬಿಟ್ಟು ಕತ್ತರಿ ಹೊರಳಿತು.
ಒಂದು ಗೋಲದಾಗ "ಸುಮುಹೂರ್ತ"ದ ಅರ್ಧ,
ಒಂದರಾಗ ಅಪ್ಪನ ಹೆಸರಿನ ಬಾಲ,
ಇನ್ನೊಂದರಾಗ ಬಾಣದ ಗುರುತು ಮಾತ್ರ,
ಫಂಕ್ಷನ್ ಹಾಲಿಗಿ ಹೋಗೂ ದಾರಿ.

ಒಂದರ ಮ್ಯಾಲೊಂದು ಐದು.
ಮ್ಯಾಲ ಟೇಪು.
ಚರ್ರಂತ ಸುರುಳಿ ಬಿಚ್ಚೂ ಸಪ್ಪಳ,
ಫ್ಯಾನಿಲ್ಲದ ಮನಿ ತುಂಬ ಅದೊಂದೇ.
ಹಲ್ಲಿನಿಂದ ಕಡದು, ಸಾಲು ಹಚ್ಚಿ, ಅಂಚು ಒಳಗ ಮಡಚಿ,
ಗುಳ್ಳಿ ಎದ್ದಲ್ಲಿ ಉಗುರಿನಿಂದ ಒತ್ತಿದ್ಲು.
ಮೊದಲನೇದು ಗೋಲ ಆಗಲಿಲ್ಲ, ಆಲೂಗಡ್ಡಿ ಆತು.
"ಅದು ನಿಂದು" ಅಂದ್ಲು.
ನಗತಾಳಂತ ಗೊತ್ತಾಗಲಿಕ್ಕ ನನಗ ತುಸು ಹೊತ್ತು ಹಿಡೀತು.

ಆರು ಆದವು, ಟೇಪು ಮುಗೀತು.
ಮರುದಿನ ಯಾರದೋ ಮಾಳಿಗಿ ಮ್ಯಾಲ
ಸೋರೂ ಪೈಪು ಕೈಯಾಗ ಹಿಡಕೊಂಡು ಬೈಸ್ಕೊಂಡೆ.

"ಕೋಸ್ಟರ್ ಅಂತಾರ ಇವಕ್ಕ" ಅಂದೆ ಅವ್ವಗ.
ಅಂಗೈಯಾಗ ತೂಗಿ ನೋಡಿದ್ಲು:
"ಸಿಂಬಿ. ಕೊಡದ್ದಲ್ಲ, ಗ್ಲಾಸಿಂದು."

ಎರಡನೇ ಬ್ಯಾಸಗಿಗೇ ಅಂಟು ಜಾರಿತು.
ಅಂಚು ಎದ್ದಲ್ಲಿ ಕೆಂಪು ಅಕ್ಷರ ಹಣಕಿ ಹಾಕತಿತ್ತು:
"ಚಿ."
ಯಾರು ಚಿರಂಜೀವಿ ಅನ್ನೂದು ಟೇಪಿನ ಒಳಗ.

ಅದೇ ತಿಂಗಳು ಅವರ ದೊಡ್ಡಪ್ಪ ಬಂದ, ಯಾದಗಿರಿಯಿಂದ.
ತನ್ನ ಮಗಳ ಲಗ್ನಪತ್ರ ತಂದಿದ್ದ.
"ಹಳೇದೆಲ್ಲ ಮರೀಬೇಕ್ರಿ" ಅಂದ,
ನಿಂಬಿ ಶರಬತ್ತು ಕುಡುದು ಸಿಂಬಿ ಮ್ಯಾಲ ಇಟ್ಟ,
ಮಾತಾಡತ ಮಾತಾಡತ ಎದ್ದ ಅಂಚು
ಉಗುರಿನಿಂದ ಕೀಳಕೊಂತ ಕುಂತ.
ಅಪ್ಪ ಗೋಡಿ ಗಡಿಯಾರ ನೋಡಿದ. ನಾ ನನ್ನ ಚಪ್ಪಲಿ ನೋಡಿದೆ.
ಕಂಡನೋ ಇಲ್ಲೋ. ಟೋಪಿ ಹಾಕಿಕೊಂಡು ಹೋದ.

ಅಕ್ಕ ಗ್ಲಾಸು ತಗದ್ಲು, ಸಿಂಬಿ ಒರಸಿದ್ಲು,
ಹೆಬ್ಬೆರಳಿನಿಂದ ಆ "ಚಿ."ಯನ್ನ ಒಳಗ ತುರುಕಿದ್ಲು.
ಆಮ್ಯಾಲ ಅವನಿಟ್ಟ ಹೊಸ ಪತ್ರ ಎತ್ತಿ
ಓದಲಿಲ್ಲ,
ಎರಡು ಬೆರಳಿನ ನಡುವ ಹಿಡದು ಹಿಚುಕಿ ನೋಡಿದ್ಲು.

"ದಪ್ಪ ಅದ. ಟೇಪು ಉಳದದೇನೋ?"