ಮೂರನೆಯ ಪ್ರತಿ

ಬಂದರಿನ ಮೆಣಸಿನ ಗೋದಾಮಿನ ಮೇಲೆ ನಮ್ಮ ಸ್ಟುಡಿಯೋ.
ಕೆಳಗೆ ಮೂಟೆ ಬಿದ್ದರೆ
ಮೇಲೆ ನಾವು ಸೀನುತ್ತೇವೆ.
ಬಾಝಿಲ್ ಪಿರೇರರು ಮೊದಲ ದಿನ ಹೇಳಿದ್ದು ಇಷ್ಟೇ:
"ಕತ್ತರಿಸುವುದನ್ನು ಯಾರಾದರೂ ಕಲಿಸಿಯಾರು.
ನಾನು ಕಲಿಸುವುದು ಕಪಾಟು."

ಕಬ್ಬಿಣದ ಕಪಾಟು, ಹಸಿರು,
ಒಂದು ಕಾಲಿನಡಿ ಹಂಚಿನ ಚೂರು.
ಮೇಲಿನ ಅರೆಯಲ್ಲಿ ಟೇಪುಗಳು;
ಆಟಿ ತಿಂಗಳಲ್ಲಿ ಮದುಮಗಳ ಮುಖಕ್ಕೂ
ಪಾದ್ರಿಗಳ ಆಶೀರ್ವಾದಕ್ಕೂ ಒಂದೇ ಬಿಳಿ ಬೂಸ್ಟು.
ನಡುವಿನ ಅರೆಯಲ್ಲಿ ಹಾರ್ಡ್ ಡಿಸ್ಕುಗಳು,
ಮುಚ್ಚಳ ಬಿಗಿಯಾದ ತಿಂಡಿ ಡಬ್ಬಗಳಲ್ಲಿ,
ಹಂಪನಕಟ್ಟೆಯ ಚಪ್ಪಲಿ ಅಂಗಡಿಯಲ್ಲಿ ಬೇಡಿ ತಂದ
ಸಿಲಿಕಾ ಪೊಟ್ಟಣಗಳ ಜೊತೆ.
ಉಪ್ಪುಗಾಳಿಗೆ ಯಾವ ಕಂಪೆನಿಯ ಗ್ಯಾರಂಟಿಯೂ ಲೆಕ್ಕಕ್ಕಿಲ್ಲ.

"ಒಂದು ಇಲ್ಲಿ. ಒಂದು ಬಿಜೈಯಲ್ಲಿ ನನ್ನ ಮಂಚದಡಿ.
ಮೂರನೆಯದು ಕಿನ್ನಿಗೋಳಿಯಲ್ಲಿ, ಲೀನಾ ಬಾಯಿಯ ಅಕ್ಕಿ ಪೆಟ್ಟಿಗೆಯ ಮೇಲೆ.
ಇಲ್ಲಿ ಬೆಂಕಿ ಬೀಳಲಿ, ಅಲ್ಲಿ ನೀರು ನುಗ್ಗಲಿ,
ನಮ್ಮಕ್ಕ ಅಕ್ಕಿ ಕೆಡಲು ಬಿಡುವವಳಲ್ಲ."
ಪ್ರತಿ ವರ್ಷ ಮೊಂತಿ ಹಬ್ಬ ಕಳೆದ ವಾರ
ಎಲ್ಲವನ್ನೂ ತಿರುಗಿಸಿ ನೋಡಬೇಕು:
ದಡದಲ್ಲೇ ಕೂತ ದೋಣಿ ಬಿರಿಯುತ್ತದಂತೆ,
ಡಿಸ್ಕೂ ಹಾಗೆಯೇ.

ನಾನು ನಕ್ಕಿದ್ದೆ.
ನನ್ನ ಫೈಲುಗಳ ಹೆಸರು ಆಗ:
ಫೈನಲ್. ಫೈನಲ್ ಎರಡು. ನಿಜವಾದ ಫೈನಲ್.
ಇದೇ ಫೈನಲ್ ದೇವರಾಣೆ.

ಯಶವಂತಿ ಬಂದದ್ದು ತೋಟ ಬೆಂಗ್ರೆಯಿಂದ,
ಫೆರಿ ಇಳಿದ ಕಾಲು ಇನ್ನೂ ಒದ್ದೆ.
ಹನ್ನೊಂದು ವರ್ಷದ ಹಿಂದೆ ಐಸ್ ಪ್ಲಾಂಟಿನವರಿಗೆ ಮಾಡಿದ ಚಿತ್ರ,
ಅದರಲ್ಲಿ ಆರು ಸೆಕೆಂಡು ಅವಳಪ್ಪ, ವಾಮನ ತಿಂಗಳಾಯ.
"ಅಪ್ಪನ ತುಟಿ ಅಲ್ಲಾಡುತ್ತದೆ," ಎಂದಳು,
"ಕೇಳುವುದು ಕೊಳಲು."

ಕೊಳಲು ಹಾಕಿದ್ದು ನಾನೇ.

ಪ್ರಾಜೆಕ್ಟು ತೆರೆದೆ. ಪರದೆ ತುಂಬ ಕೆಂಪು.
ಯಾವ ತುಂಡು ಎಲ್ಲಿ ಕೂರಬೇಕೆಂದು ಅದಕ್ಕೆ ಎಲ್ಲ ನೆನಪಿದೆ,
ತುಂಡುಗಳೇ ಇಲ್ಲ;
ಮದುವೆ ಚಪ್ಪರದಲ್ಲಿ ಹೆಸರು ಬರೆದಿಟ್ಟ
ಖಾಲಿ ಕುರ್ಚಿಗಳ ಹಾಗೆ.
ಮೊದಲನೆಯ ಡಿಸ್ಕು ಹಲ್ಲಿಯಂತೆ ಲೊಚಗುಟ್ಟಿ ನಿಂತಿತು.
ಬಿಜೈಯದ್ದು ಚೆನ್ನಾಗಿ ತಿರುಗಿತು, ಆದರೆ ಅದರಿಂದ
ಕಚ್ಚಾ ಚಿತ್ರಣವನ್ನೆಲ್ಲ ಒಂದು ಮಧ್ಯಾಹ್ನ
ಜಾಗ ಸಾಲದೆಂದು ಅಳಿಸಿದ್ದೆ.
ಉಳಿಸಿದ್ದು ಫೈನಲ್. ಕೊಳಲಿನ ಸಮೇತ.
ಇದನ್ನು ಅವಳಿಗೆ ಹೇಳಲಿಲ್ಲ.
"ನಾಳೆ ಬನ್ನಿ" ಎಂದೆ.

ಕಿನ್ನಿಗೋಳಿಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ.
ಲೀನಾ ಬಾಯಿಗೆ ಈಗ ಕಿವಿ ಮಂದ,
ಕೂಗಿ ಹೇಳಿದ ಮೇಲೆ ಡಬ್ಬ ಕೈಗಿತ್ತು
ಮೊದಲು ಕಾಪಿ ಕುಡಿ ಎಂದರು.
ಮೇಲೆ ಬಾಝಿಲರ ಓರೆ ಅಕ್ಷರ,
ತೀರಿಹೋಗುವ ವರ್ಷ ಬರೆದದ್ದು:
ಐಸ್ ಪ್ಲಾಂಟ್. ಕಚ್ಚಾ. ಬಿಸಾಡಬೇಡ.
ಆ ಕೊನೆಯ ಮಾತು ನನಗೇ.

ಹೆಸರಿಲ್ಲದ ಇನ್ನೂರ ಹದಿನೇಳು ಕ್ಲಿಪ್ಪು,
ಬರೀ ನಂಬರು. ರಾತ್ರಿ ಒಂದೂವರೆಗೆ ಸಿಕ್ಕಿತು.

ವಾಮನ ತಿಂಗಳಾಯರು ತಲೆ ಬಾಚುತ್ತಾರೆ.
ಬಾಚಣಿಗೆ ಒರೆಸಿ ಜೇಬಿಗಿಡುತ್ತಾರೆ.
ಯಾರೋ ಏನಾದರೂ ಮಾತಾಡಿ ಎನ್ನುತ್ತಾರೆ, ಮೈಕು ನೋಡಬೇಕು.
ಏನು ಮಾತಾಡುವುದು?
ಹಿಂದೆ ಐಸು ಪುಡಿಮಾಡುವ ಯಂತ್ರ.
ಒಂಜಿ, ಎನ್ನುತ್ತಾರೆ. ರಡ್ಡ್. ಮೂಜಿ.
ನಾಲ್, ಐನ್, ಬುಟ್ಟಿ ಎಣಿಸುವ ಅದೇ ರಾಗದಲ್ಲಿ
ಹತ್ತೊಂಬತ್ತರವರೆಗೆ ಹೋಗಿ
ಕ್ಯಾಮೆರಾದತ್ತ ತಿರುಗುತ್ತಾರೆ: "ಯಾವಾ?"
ಚೌಕಟ್ಟಿನಾಚೆ ಒಬ್ಬಳು ನಗುತ್ತ
ಸಾಕು ಸಾಕು ಎನ್ನುತ್ತಾಳೆ.
ಅವಳ ದನಿ ಎಲ್ಲೋ ಕೇಳಿದಂತಿದೆ ಎಂದು
ಒಂದು ಕ್ಷಣ ಯೋಚಿಸಿದೆ.

ಯಶವಂತಿ ಮೂರು ಸಲ ಕೇಳಿದಳು.
ಯಂತ್ರದ ಗದ್ದಲ ತೆಗೆದು ಕೊಡಲೇ ಎಂದೆ.
"ಬೇಡ. ಮನೆಗೆ ಬಂದರೂ ಅಪ್ಪ
ಅದರ ಮೇಲೆಯೇ ಮಾತಾಡುತ್ತಿದ್ದರು."
ಪೆನ್ ಡ್ರೈವನ್ನು ಸೆರಗಿನ ತುದಿಗೆ ಕಟ್ಟಿಕೊಂಡು
ಫೆರಿಗೆ ತಡವಾಯಿತೆಂದು ಹೊರಟಳು;
ಒಂದು ಸಾಲದು, ಮೂರು ಮಾಡಿಡಿ ಎಂದು
ಮೆಟ್ಟಿಲಿನಿಂದ ಕೂಗಿದೆ. ಕೇಳಿಸಿತೋ ಇಲ್ಲವೋ.

ಕ್ಲಿಪ್ಪಿಗೆ ಹೆಸರು ಕೊಟ್ಟೆ:
ವಾಮನ ತಿಂಗಳಾಯ, ಎಣಿಸುವುದು.
ಇನ್ನು ಇನ್ನೂರ ಹದಿನಾರು ಉಳಿದಿವೆ.
ಸಿಲಿಕಾ ಪೊಟ್ಟಣಗಳೂ ತೇವ ಕುಡಿದು ಸತ್ತಿವೆ;
ಚಪ್ಪಲಿ ಅಂಗಡಿ ಎಂಟಕ್ಕೆ ಮುಚ್ಚುತ್ತದೆ,
ಈಗಲೇ ಹೋಗಬೇಕು.