ಅಡ್ಡಿಲ್ಲ

ಚಿಂಚಿಣಿಯ ಇಗರ್ಜಿ ದಾಟಿ ಎರಡನೆಯ ತಿರುವು,
ಚಿಪ್ಪಿನ ಕಿಟಕಿಯ ಮನೆ, ಎಂದಿದ್ದರು ಫೋನಿನಲ್ಲಿ.
ಆ ತಿರುವಿನ ಮೂರು ಮನೆಗೂ ಚಿಪ್ಪಿನದೇ ಕಿಟಕಿ.
ಕಾರು ಮಾತ್ರ ಒಂದೇ ಇತ್ತು,
ತಗಡಿನ ಮಾಡಿನಡಿ ಹಳೆಯ ಚಾದರ ಹೊದ್ದು
ಜ್ವರದ ಮಗುವಿನ ಹಾಗೆ.

ಪುರ್ಸು ಬಾನೆಟ್ಟು ಎತ್ತಿ ಮೂಗು ತೂರಿಸಿದ.
ಎಣ್ಣೆಕಡ್ಡಿ ಎಳೆದ, ಬೆರಳಲ್ಲಿ ತಿಕ್ಕಿ ಮೂಸಿದ,
ನನ್ನತ್ತ ಹುಬ್ಬು ಕುಣಿಸಿದ:
ಅಡ್ಡಿಲ್ಲ.

ನಾನು ಹೊಲಿಗೆಯವಳು. ಎಂಜಿನ್ನು ತಿಳಿಯದು,
ಸೀಟು ನೋಡಿದೆ.
ಡ್ರೈವರಿನ ಬದಿ ಅಂಚು ಬಿಚ್ಚಿದಲ್ಲಿ
ಯಾರೋ ಗಾಳದ ದಾರದಿಂದ ಕೈಯಲ್ಲೇ ಹಾಕಿದ
ಅಂಕುಡೊಂಕು ಹನ್ನೊಂದು ಹೊಲಿಗೆ.
‘ಇನಾಸನ ಕೆಲಸ’ ಎಂದರು ಎರ್ಮೆಲಿಂಡಾ ಬಾಯಿ.
‘ಹಡಗಿನಲ್ಲಿ ಅಡುಗೆಯವ. ಎಂಟು ತಿಂಗಳು ಸಮುದ್ರ,
ನಾಲ್ಕು ತಿಂಗಳು ಈ ಕಾರು.
ನನ್ನದು ಅಂತ ತಿಂಗಳು ಯಾವುದಿತ್ತು?’
ನಕ್ಕರು. ನಾವೂ ನಕ್ಕೆವು.
ನಗಬಾರದಿತ್ತೇನೋ.

ಅವರ ಕೊಂಕಣಿಗೂ ನನ್ನ ಕೊಂಕಣಿಗೂ ನಡುವೆ ಕಾಳಿ ನದಿಯಷ್ಟು ಅಗಲ;
ರೇಟು ಮಾತ್ರ ಎರಡೂ ದಡಕ್ಕೆ ತಿಳಿಯಿತು.
ತೊಂಬತ್ತು ಎಂದರು, ಎಪ್ಪತ್ತೆಂಟು ಎಂದೆ.
ಎಂಬತ್ತನಾಲ್ಕು ಸಾವಿರ, ಜೊತೆಗೆ
ಮೊಮ್ಮಗಳ ಮೊದಲ ಪ್ರಸಾದಕ್ಕೆ ಒಂದು ಬಿಳಿ ಫ್ರಾಕು.

ಆಮೇಲೆ ಮಡಗಾಂವಿನ ಕಚೇರಿ. ಮೂರು ಸೋಮವಾರ.
ಕದ್ದದ್ದಲ್ಲ ಎಂಬುದಕ್ಕೊಂದು ಕಾಗದ,
ಸಾಲ ತೀರಿದೆ ಎಂಬುದಕ್ಕೊಂದು,
ಇನಾಸ ಸತ್ತದ್ದು ನಿಜ ಎಂಬುದಕ್ಕೊಂದು, ಅದರ ಎರಡು ಜೆರಾಕ್ಸು.
ಚಾಸಿಸ್ ನಂಬರಿನ ಮೇಲೆ ತೆಳು ಹಾಳೆಯಿಟ್ಟು
ಪೆನ್ಸಿಲು ಉಜ್ಜಿ ತಾ ಎಂದರು.
ಸಣ್ಣವಳಿದ್ದಾಗ ನಾಲ್ಕಾಣೆಯ ಮೇಲೆ ಉಜ್ಜುತ್ತಿದ್ದೆನಲ್ಲ, ಹಾಗೇ
ಬೂದು ಬಣ್ಣದೊಳಗಿಂದ ಒಂದೊಂದೇ ಅಂಕಿ ಎದ್ದು ಬಂತು.
ಕಡೆಗೆ ಗುಂಡುಮುದ್ರೆ ಬಿತ್ತು: ಸದರಿ ವಾಹನವು
ಈ ರಾಜ್ಯ ಬಿಟ್ಟು ಹೋಗಲು ಆಕ್ಷೇಪಣೆ ಇರುವುದಿಲ್ಲ.
ಇಷ್ಟಕ್ಕೆ ಮೂರು ಸೋಮವಾರವೇ!
ನಮ್ಮ ಪುರ್ಸುಗೆ ಒಂದು ಹುಬ್ಬು ಸಾಕಾಗಿತ್ತು.

‘ಇಲ್ಲಿ ಕಟ್ಟಿದ ಆಜೀವ ತೆರಿಗೆ ಇಲ್ಲಿಗೇ ಮುಗಿಯಿತು’
ಎಂದ ಗುಮಾಸ್ತ, ಕಣ್ಣೆತ್ತದೆ.
‘ನಿಮ್ಮಲ್ಲಿ ಹೋಗಿ ಮತ್ತೆ ಕಟ್ಟಬೇಕು, ಆಜೀವ.’
ಹದಿಮೂರು ವರ್ಷದ ಕಾರಿಗೆ
ಪೊಳೆಂ ದಾಟಿದರೆ ಇನ್ನೊಂದು ಆಯುಷ್ಯ!
ಎರ್ಮೆಲಿಂಡಾ ಬಾಯಿ ಒಂದು ಗಳಿಗೆ ಯೋಚಿಸಿ
‘ಹಾಗಾದರೆ ನನ್ನನ್ನೂ ದಾಟಿಸೇ’ ಎಂದರು.

ಒಯ್ಯುವ ದಿನ ಕನ್ನಡಿಗೆ ಸುತ್ತಿದ ಜಪಮಾಲೆ ಬಿಚ್ಚಿಕೊಂಡರು.
ಕನ್ನಡಿ ಇನಾಸನ ಎತ್ತರಕ್ಕಿತ್ತು,
ನಾನು ಕೂತರೆ ಚಾವಣಿ ಕಾಣುತ್ತಿತ್ತು.
ಅವರೆದುರು ತಿರುಗಿಸಲು ಕೈ ಬರಲಿಲ್ಲ.
ಕಾಣಕೋಣದ ಪಂಪಿನವರೆಗೂ, ಹಿಂದೆ ಏನಿದೆ ಎಂದು ನೋಡದೆ,
ನಲವತ್ತಾರಕ್ಕೆ ಕಲಿತ ಡ್ರೈವಿಂಗು,
ಎರಡನೇ ಗೇರಿನಲ್ಲೇ ಬಂದೆ.
ಪುರ್ಸು ಕಣ್ಣು ಮುಚ್ಚಿ ಕೂತಿದ್ದ. ನಿದ್ದೆಯಲ್ಲ.
ಅಲ್ಲಿ ಟ್ಯಾಂಕು ಕಂಠಮಟ್ಟ ತುಂಬಿಸಿದೆವು,
ಅಗ್ಗದ ಪೆಟ್ರೋಲು ಬಿಟ್ಟು ಬರುವವರುಂಟೇ?

ಮಾಜಾಳಿಯಲ್ಲಿ ಅಬಕಾರಿಯವ ಡಿಕ್ಕಿ ತೆಗೆಸಿದ.
ಹಳೆ ಪೇಪರು ಸುತ್ತಿದ ಬಾಟಲಿಯೊಂದು!
ನನಗೇ ಗೊತ್ತಿರಲಿಲ್ಲ, ಯಾವಾಗ ಇಟ್ಟರೋ ಆಕೆ.
ಅವನ ಮುಖ ಅರಳಿತು. ಬಿರಡೆ ತೆಗೆದ, ಮೂಸಿದ,
ಕಣ್ಣಲ್ಲಿ ನೀರು ಬಂತು.
ತೆಂಗಿನ ಕಳ್ಳಿನ ವಿನೆಗಾರು.
ಕೆಮ್ಮುತ್ತ ಕೈ ಬೀಸಿದ:
ಹೋಗಿ ಹೋಗಿ, ಅಡ್ಡಿಲ್ಲ.

ಆ ಹನ್ನೊಂದು ಹೊಲಿಗೆ ಬಿಚ್ಚಿ
ಮಿಷನ್ನಿನಲ್ಲಿ ನೆಟ್ಟಗೆ ಹೊಲಿಯೋಣವೆಂದಿದ್ದೆ.
ಶಾಲೆ ಯೂನಿಫಾರಮ್ಮಿನ ಸೀಜನ್ನು ಬಂತು, ಹೋಯಿತು.
ಬ್ರೇಕು ಒತ್ತಿದಾಗಲೆಲ್ಲ ಗಾಳದ ಗಂಟು
ತೊಡೆಗೆ ಚುಚ್ಚುತ್ತದೆ.

ಫ್ರಾಕಿನ ಅಳತೆಗೆ ಹೋಗಬೇಕು ಬರುವ ವಾರ.
ಈಗ ನಂಬರು ಕೆಎ ಮೂವತ್ತು.
ಹದಿಮೂರು ವರ್ಷ ತಿರುಗಿದ ಅದೇ ಇಗರ್ಜಿಯ ಎದುರು
ಪೊಲೀಸ ಕೈ ಅಡ್ಡ ಹಿಡಿದು ಕೇಳಿಯಾನು:
ಎಲ್ಲಿಯ ಗಾಡಿ ಇದು?